ಲಕ್ಕುಂಡಿಯ ಬಾವಿ ಹುಡುಕಿದವರಿಗೆ ನಮ್ಮ ಪುಟ ಏಕೆ ಸಿಗಲಿಲ್ಲ? ಕನ್ನಡ ಜಾಲತಾಣ ಗೂಗಲ್‌ಗೆ ಕಾಣಿಸುವ ಬಗೆ

ಕಳೆದ ವರ್ಷ ಧಾರವಾಡದಲ್ಲಿ ಇತಿಹಾಸ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಫೋನ್ ಮಾಡಿದ್ದರು. ‘ಸರ್, ಲಕ್ಕುಂಡಿಯ ಬಾವಿಗಳ ಬಗ್ಗೆ ಕನ್ನಡದಲ್ಲಿ ಮಾಹಿತಿ ಬೇಕಿತ್ತು. ಗೂಗಲ್‌ನಲ್ಲಿ ಹುಡುಕಿದೆ, ಬರೀ ಫೋಟೋಗಳು ಬರುತ್ತವೆ. ನಿಮ್ಮ ಬಳಿ ಪುಸ್ತಕ ಇರಬಹುದು ಎಂದು ನಮ್ಮ ಗುರುಗಳು ಹೇಳಿದರು’ ಎಂದರು.

ಆ ಮಾತು ಕೇಳಿ ನನಗೆ ಸಂಕಟವಾಯಿತು. ನಾವು ಮೂವರು ಗೆಳೆಯರು ಗದಗದಿಂದ ಭಾನುವಾರಗಳಂದು ಲಕ್ಕುಂಡಿಗೆ ಹೋಗಿ, ಬಾವಿಗಳ ಮೆಟ್ಟಿಲು ಎಣಿಸಿ, ಅಳತೆ ಹಿಡಿದು, ಊರಿನ ಹಿರಿಯರನ್ನು ಕೇಳಿ ಬರೆದ ಲೇಖನಗಳು ಮೂರು ವರ್ಷಗಳಿಂದ ನಮ್ಮ ಜಾಲತಾಣದಲ್ಲಿದ್ದವು. ‘ನೂರೊಂದು ಗುಡಿ, ನೂರೊಂದು ಬಾವಿ’ ಎಂದು ಹೆಸರಾದ ಊರು ಅದು. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಬಗ್ಗೆಯೇ ನಾಲ್ಕು ಲೇಖನಗಳಿದ್ದವು. ಆ ಹುಡುಗಿ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಅಲ್ಲಿ ಉತ್ತರವಿತ್ತು. ಆದರೂ ಅವರಿಗೆ ಅದು ಸಿಕ್ಕಿರಲಿಲ್ಲ.

ಅಂದು ರಾತ್ರಿ ಅವರು ಹುಡುಕಿದ ಪದಗಳನ್ನೇ ನಾನೂ ಹುಡುಕಿದೆ. ಮೊದಲ ಪುಟದಲ್ಲಿ ನಾವಿರಲಿಲ್ಲ, ಐದನೆಯದರಲ್ಲೂ ಇರಲಿಲ್ಲ. ಅಲ್ಲಿಂದ ಶುರುವಾದ ಹುಡುಕಾಟದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಶ್ರದ್ಧೆಯಿಂದ ಬರೆದು, ಓದುಗರಿಗೆ ಸಿಗದೆ ಉಳಿದಿರುವ ಬರಹ ನಮ್ಮ ಭಾಗದಲ್ಲಿ ಬಹಳ ಇದೆ ಎಂಬುದು ನನ್ನ ನಂಬಿಕೆ.

ಪುಸ್ತಕದ ಹಿಂದಿನ ಪದಸೂಚಿಯಂತೆ

ನಾವು ಗೂಗಲ್‌ನಲ್ಲಿ ಒಂದು ಪದ ಬರೆದಾಗ ಅದು ಆ ಗಳಿಗೆಯಲ್ಲಿ ಇಡೀ ಅಂತರ್ಜಾಲ ಸುತ್ತಿ ಬರುವುದಿಲ್ಲ. ಸುತ್ತಾಟ ಮೊದಲೇ ಆಗಿರುತ್ತದೆ. ಗೂಗಲ್‌ಬಾಟ್ ಎಂಬ ತಂತ್ರಾಂಶ ಹಗಲಿರುಳು ಒಂದು ಪುಟದಲ್ಲಿರುವ ಕೊಂಡಿ (ಲಿಂಕ್) ಹಿಡಿದು ಇನ್ನೊಂದು ಪುಟಕ್ಕೆ ಹೋಗುತ್ತ, ಅಲ್ಲಿದ್ದುದನ್ನು ಓದಿಕೊಂಡು ಬರುತ್ತದೆ. ಓದಿದ್ದನ್ನು ಒಂದು ದೊಡ್ಡ ಸೂಚಿಯಲ್ಲಿ ಜೋಡಿಸುತ್ತದೆ.

ದೊಡ್ಡ ಗ್ರಂಥಗಳ ಕೊನೆಯಲ್ಲಿರುವ ಪದಸೂಚಿಯನ್ನು ನೆನಪಿಸಿಕೊಳ್ಳಿ. ‘ಅತ್ತಿಮಬ್ಬೆ’ ಎಂಬ ಹೆಸರಿನ ಮುಂದೆ ಆ ಹೆಸರು ಬರುವ ಪುಟಗಳ ಸಂಖ್ಯೆ ಇರುತ್ತದೆ. ಹುಡುಕು ಯಂತ್ರದ ಸೂಚಿಯೂ ಹಾಗೆಯೇ. ಪುಟಸಂಖ್ಯೆಯ ಜಾಗದಲ್ಲಿ ಜಾಲತಾಣದ ವಿಳಾಸ ಇರುತ್ತದೆ, ಅಷ್ಟೆ. ಯಾರಾದರೂ ‘ಲಕ್ಕುಂಡಿ ಬಾವಿ’ ಎಂದು ಕೇಳಿದರೆ ‘ಲಕ್ಕುಂಡಿ’ಯ ಮುಂದಿರುವ ವಿಳಾಸಗಳನ್ನೂ ‘ಬಾವಿ’ಯ ಮುಂದಿರುವ ವಿಳಾಸಗಳನ್ನೂ ತೆಗೆದು, ಎರಡರಲ್ಲೂ ಇರುವವನ್ನು ಆರಿಸಿ, ಅವುಗಳಲ್ಲಿ ಯಾವುದು ಮೇಲೆ ಬರಬೇಕೆಂದು ನಿರ್ಧರಿಸುತ್ತದೆ. ಇಂದಿನ ಯಂತ್ರಗಳು ಸಮಾನಾರ್ಥಕ ಪದಗಳನ್ನೂ ತಕ್ಕಮಟ್ಟಿಗೆ ಊಹಿಸುತ್ತವೆ. ಆದರೂ ಬುಡದಲ್ಲಿರುವುದು ಇದೇ ಸೂಚಿ. ಸುತ್ತುವುದು, ಸೂಚಿಗೆ ಸೇರಿಸುವುದು, ಸಾಲು ಹಚ್ಚುವುದು: ಇವು ಮೂರು ಕೆಲಸಗಳು.

ಹೆಚ್ಚಿನವರು ಮೂರನೆಯದರ ಬಗ್ಗೆಯೇ ಯೋಚಿಸುತ್ತಾರೆ. ‘ಮೇಲೆ ಬರುವುದು ಹೇಗೆ?’ ಎಂದು ಕೇಳುತ್ತಾರೆ. ನಮ್ಮ ತೊಂದರೆ ಅದಕ್ಕಿಂತ ಬಹಳ ಹಿಂದೆ, ಎರಡನೆಯ ಹಂತದಲ್ಲೇ ಇತ್ತು. ನಮ್ಮ ಲೇಖನಗಳಲ್ಲಿ ‘ಲಕ್ಕುಂಡಿ’ ಎಂಬ ಪದ ಇದೆ ಎಂಬುದೇ ಯಂತ್ರಕ್ಕೆ ಗೊತ್ತಿರಲಿಲ್ಲ.

ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅಲ್ಲ

ಗದಗ ಮುದ್ರಣಾಲಯಗಳ ಊರು. ನಮ್ಮ ಲೇಖನಗಳನ್ನೂ ಅಕ್ಷರ ಜೋಡಿಸುವುದರಲ್ಲಿ ಪಳಗಿದ ಗೆಳೆಯರೊಬ್ಬರು ಡಿಟಿಪಿ ಮಾಡಿಕೊಟ್ಟಿದ್ದರು. ಅಂದವಾದ ಪುಟಗಳು. ಅವುಗಳಲ್ಲಿ ಕೆಲವನ್ನು ಪಿಡಿಎಫ್ ಆಗಿ, ಕೆಲವನ್ನು ಚಿತ್ರವಾಗಿ, ಉಳಿದವನ್ನು ಹಾಗೆಯೇ ನಕಲಿಸಿ ಜಾಲತಾಣಕ್ಕೆ ಏರಿಸಿದ್ದೆವು.

1990ರ ದಶಕದಲ್ಲಿ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಜಾಗ ಮಾಡಿಕೊಟ್ಟ ತಂತ್ರಾಂಶಗಳ ಉಪಕಾರವನ್ನು ನಾವು ಮರೆಯುವಂತಿಲ್ಲ. 1998ರಲ್ಲಿ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನೂ ಮುದ್ರಣಾಲಯಗಳನ್ನೂ ತಲುಪಿತು. ಆದರೆ ಅಂದಿನ ಫಾಂಟುಗಳು ಕೆಲಸ ಮಾಡುತ್ತಿದ್ದ ರೀತಿ ಬೇರೆ. ಕಂಪ್ಯೂಟರ್ ತನ್ನೊಳಗೆ ಇಟ್ಟುಕೊಳ್ಳುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತವನ್ನು. ಆ ಸಂಕೇತದ ಮೇಲೆ ಫಾಂಟು ಕನ್ನಡದ ಆಕಾರ ಬರೆಯುತ್ತಿತ್ತು. ಫಾಂಟು ತೆಗೆದುಹಾಕಿದರೆ ಉಳಿಯುವುದು ಅರ್ಥವಿಲ್ಲದ ಪರಕೀಯ ಅಕ್ಷರಗಳ ರಾಶಿ. ಹುಡುಕು ಯಂತ್ರ ಫಾಂಟಿನ ಆಕಾರವನ್ನು ನೋಡುವುದಿಲ್ಲ, ಒಳಗಿನ ಸಂಕೇತವನ್ನು ಓದುತ್ತದೆ. ಹೀಗಾಗಿ ನಮ್ಮ ‘ಲಕ್ಕುಂಡಿ’ ಅದರ ಸೂಚಿಯಲ್ಲಿ ಯಾವ ಭಾಷೆಗೂ ಸೇರದ ಪದವಾಗಿ ಕುಳಿತಿತ್ತು.

ಯೂನಿಕೋಡ್ ಈ ಗೊಂದಲಕ್ಕೆ ಪರಿಹಾರ. ಅದರಲ್ಲಿ ‘ಲ’ಕ್ಕೆ, ‘ಕ’ಕ್ಕೆ, ಕೊಂಬಿಗೆ, ಅನುಸ್ವಾರಕ್ಕೆ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪಿದ ಪ್ರತ್ಯೇಕ ಸಂಕೇತಗಳಿವೆ. ಮೊಬೈಲಿನಲ್ಲಿ ನಾವು ಬರೆಯುವ ಕನ್ನಡವೆಲ್ಲ ಯೂನಿಕೋಡೇ. ಈಗಿನ ನುಡಿ ಮತ್ತು ಬರಹಗಳಲ್ಲೂ ಅದಕ್ಕೆ ಅವಕಾಶವಿದೆ. ಆದರೆ ಡಿಟಿಪಿ ಮೇಜಿನಲ್ಲಿ ಹಳೆಯ ಫಾಂಟುಗಳ ಬಳಕೆ ಇನ್ನೂ ಇದೆ. ಅಚ್ಚಿಗೆ ಅದರಿಂದ ಏನೂ ತೊಂದರೆಯಿಲ್ಲ, ಜಾಲತಾಣಕ್ಕೆ ಮಾತ್ರ ಅದು ಮುಚ್ಚಿದ ಬಾಗಿಲು.

ನಿಮ್ಮ ಬರಹ ಯಾವ ಬಗೆಯದೆಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಪುಟದಿಂದ ಒಂದು ಸಾಲು ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಸರಿ. ವಿಚಿತ್ರ ಚಿಹ್ನೆಗಳು ಬಂದರೆ ಹಳೆಯ ಫಾಂಟು. ನಕಲಿಸಲೇ ಆಗದಿದ್ದರೆ ಅದು ಚಿತ್ರ. ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸುವ ಶಕ್ತಿ ಗೂಗಲ್‌ಗೆ ಇದೆಯಾದರೂ ಅದನ್ನು ನಂಬಿ ಇಡೀ ಲೇಖನವನ್ನು ಚಿತ್ರವಾಗಿ ಹಾಕುವುದು ಸರಿಯಲ್ಲ.

ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಮತ್ತೊಮ್ಮೆ ಕರಡು ತಿದ್ದಲೇಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ, ಒತ್ತಕ್ಷರ ಬಿಟ್ಟುಹೋಗಿರುತ್ತದೆ. ನಮಗೆ ಈ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಇಷ್ಟು ಮಾಡಿದ ಮೇಲೂ ಕೆಲವು ಪುಟಗಳು ಸಿಗಲಿಲ್ಲ, ಕಾರಣ ತಿಳಿಯಲು ಮತ್ತೆ ಎರಡು ವಾರ ಬೇಕಾಯಿತು. ಈ ಎರಡು ಪದಗಳನ್ನು ನೋಡಿ: ‘ಲಕ್ಕುಂಡಿ’, ‘ಲಕ್ಕು೦ಡಿ’. ಕಣ್ಣಿಗೆ ಒಂದೇ ಪದ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಬೆರಳಚ್ಚು ಮಾಡುವವರು ಆಕಾರ ಒಂದೇ ಎಂದು ಸೊನ್ನೆ ಒತ್ತಿದರೆ, ಯಂತ್ರದ ಪಾಲಿಗೆ ಅದು ಪದದ ನಡುವೆ ತುರುಕಿದ ಸಂಖ್ಯೆ. ಹಂಪಿ, ಶಿಗ್ಗಾಂವಿ, ಮುಂಡರಗಿ, ಲಕ್ಕುಂಡಿ: ಅನುಸ್ವಾರವಿರುವ ಯಾವ ಊರಿಗೂ ಈ ಅಪಾಯ ತಪ್ಪಿದ್ದಲ್ಲ. ನಿಮ್ಮ ಬರಹದಲ್ಲಿ ಸೊನ್ನೆಯನ್ನು ಹುಡುಕಿ, ಪದದ ನಡುವೆ ಬಂದ ಕಡೆಯೆಲ್ಲ ಅನುಸ್ವಾರ ಹಾಕಿ. ಇದು ಐದು ನಿಮಿಷದ ಕೆಲಸ, ಫಲ ಮಾತ್ರ ದೊಡ್ಡದು.

ಹುಡುಕುವವರ ಬಾಯಲ್ಲಿ ಬರುವ ಪದ

ಅಕ್ಷರ ಸರಿಯಾಯಿತು. ಆಮೇಲೆ ಪದಗಳ ಪ್ರಶ್ನೆ ಬಂತು. ನಮ್ಮ ಮುಖ್ಯ ಲೇಖನದ ಶೀರ್ಷಿಕೆ ‘ಮುಸುಕಿನೊಳಗಿನ ಮೌನ’. ಬರೆದ ಗೆಳೆಯನಿಗೆ ಆ ಶೀರ್ಷಿಕೆಯ ಮೇಲೆ ಪ್ರೀತಿ, ನನಗೂ ಇತ್ತು. ಆದರೆ ಬಾವಿಯ ಬಗ್ಗೆ ತಿಳಿಯಬೇಕೆಂದಿರುವ ಯಾರೂ ಆ ಪದಗಳನ್ನು ಬರೆದು ಹುಡುಕುವುದಿಲ್ಲ. ಹುಡುಕು ಯಂತ್ರ ಒಂದು ಪುಟ ಯಾವುದರ ಬಗ್ಗೆ ಎಂದು ತಿಳಿಯಲು ಮೊದಲು ನೋಡುವ ಜಾಗಗಳಲ್ಲಿ ಪುಟದ ಶೀರ್ಷಿಕೆಯೂ ಒಂದು. ಫಲಿತಾಂಶಗಳ ಪಟ್ಟಿಯಲ್ಲಿ ಓದುಗ ಕಾಣುವುದೂ ಸಾಮಾನ್ಯವಾಗಿ ಅದನ್ನೇ. ಈಗ ಆ ಪುಟದ ಶೀರ್ಷಿಕೆ ‘ಲಕ್ಕುಂಡಿಯ ಮುಸುಕಿನ ಬಾವಿ: ರಚನೆ, ಇತಿಹಾಸ, ತಲುಪುವ ದಾರಿ’. ಗೆಳೆಯನ ಸಾಲನ್ನು ಲೇಖನದೊಳಗೆ, ಬಾವಿಗೆ ಇಳಿಯುವ ಭಾಗದ ಉಪಶೀರ್ಷಿಕೆಯಾಗಿ ಇಟ್ಟಿದ್ದೇವೆ. ಅದು ಅಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ನನ್ನ ಅನಿಸಿಕೆ.

ಪಂಡಿತರು ‘ಪುಷ್ಕರಣಿ’ ಎನ್ನುತ್ತಾರೆ, ದಕ್ಷಿಣದ ಜಿಲ್ಲೆಗಳವರು ‘ಕಲ್ಯಾಣಿ’ ಎನ್ನುತ್ತಾರೆ, ಲಕ್ಕುಂಡಿಯವರಿಗೆ ಅದು ‘ಬಾವಿ’. ನಾವು ಶಾಸ್ತ್ರೀಯವಾಗಿರಲಿ ಎಂದು ಎಲ್ಲ ಕಡೆ ‘ಪುಷ್ಕರಣಿ’ ಎಂದೇ ಬರೆದಿದ್ದೆವು. ಶಾಸನಗಳಲ್ಲಿ ಊರಿನ ಹೆಸರು ‘ಲೊಕ್ಕಿಗುಂಡಿ’ ಎಂದಿರುವುದರಿಂದ ಕೆಲವು ಲೇಖನಗಳಲ್ಲಿ ಅದನ್ನೇ ಬಳಸಿದ್ದೆವು. ಬರೆದದ್ದರಲ್ಲಿ ತಪ್ಪಿರಲಿಲ್ಲ, ಕೇಳುವವರ ಪದ ಮಾತ್ರ ಅಲ್ಲಿರಲಿಲ್ಲ. ಎಲ್ಲ ಹೆಸರುಗಳೂ ಸಹಜವಾಗಿ ಬರುವಂತೆ ಒಂದು ವಾಕ್ಯ ಸೇರಿಸಿದರೆ ಸಾಕು: ‘ಶಾಸನಗಳಲ್ಲಿ ಲೊಕ್ಕಿಗುಂಡಿ ಎಂದು ಕರೆಯಲಾದ ಲಕ್ಕುಂಡಿಯ ಈ ಮೆಟ್ಟಿಲು ಬಾವಿ, ಅಂದರೆ ಪುಷ್ಕರಣಿ...’

ಕನ್ನಡಕ್ಕೆ ತನ್ನದೇ ಆದ ಇನ್ನೊಂದು ತೊಡಕಿದೆ. ನಮ್ಮ ನಾಮಪದಗಳು ವಿಭಕ್ತಿ ಹೊತ್ತುಕೊಂಡೇ ಓಡಾಡುತ್ತವೆ: ಲಕ್ಕುಂಡಿಯಲ್ಲಿ, ಲಕ್ಕುಂಡಿಗೆ, ಲಕ್ಕುಂಡಿಯಿಂದ. ಹುಡುಕುವವರು ಬರೆಯುವುದು ಬಹಳ ಸಲ ಬರಿಯ ‘ಲಕ್ಕುಂಡಿ’. ಇವೆಲ್ಲ ಒಂದೇ ಪದದ ರೂಪಗಳೆಂದು ಯಂತ್ರ ಪ್ರತಿಸಲವೂ ಗುರುತಿಸುತ್ತದೆ ಎಂದು ನೆಚ್ಚಿಕೊಳ್ಳದೆ, ಶೀರ್ಷಿಕೆ ಅಥವಾ ಮೊದಲ ಪ್ಯಾರಾದಲ್ಲಿ ಒಮ್ಮೆಯಾದರೂ ಮೂಲರೂಪ ಬರುವಂತೆ ನೋಡಿಕೊಳ್ಳುವುದು ಲೇಸು. ಹಾಗೆಂದು ‘ಲಕ್ಕುಂಡಿ ಬಾವಿ ಲಕ್ಕುಂಡಿ ಗುಡಿ ಲಕ್ಕುಂಡಿ ಪ್ರವಾಸ’ ಎಂದು ಪದಗಳನ್ನು ಗುಡ್ಡೆ ಹಾಕಬೇಡಿ. ಅದು ಗೂಗಲ್‌ನ ನಿಯಮಗಳಿಗೂ ವಿರುದ್ಧ, ಓದುಗರಿಗೆ ಮಾಡುವ ಅವಮಾನವೂ ಹೌದು. ಪುಟದ ಒಳಪದರದಲ್ಲಿ ಕೀಲಿಪದಗಳ ಪಟ್ಟಿ ಬರೆದಿಡುವ ಹಳೆಯ ಪದ್ಧತಿಯಿಂದಲೂ ಉಪಯೋಗವಿಲ್ಲ. ಸಾಲು ಹಚ್ಚುವಾಗ ಆ ಪಟ್ಟಿಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ.

ಇನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಹುಡುಕುವವರು. ಇಂಥವರು ನಮ್ಮಲ್ಲಿ ಬಹಳ. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದರೂ ಹಳೆಯ ‘ಹುಬ್ಲಿ’ಯನ್ನೇ ಬರೆಯುವವರು ಇಂದಿಗೂ ಇದ್ದಾರೆ. ಪುಟದ ಕೆಳಗೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಸಾಲಿನ ಸಾರಾಂಶ ಕೊಡುವುದು ಇದಕ್ಕೆ ನಾನು ಕಂಡುಕೊಂಡ ಒಳ್ಳೆಯ ದಾರಿ. ಪುಟದ ವಿಳಾಸವನ್ನೂ ನಾವು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟಿದ್ದೇವೆ. ಕನ್ನಡ ವಿಳಾಸವನ್ನೂ ಗೂಗಲ್ ಓದಬಲ್ಲದು, ಕನ್ನಡ ಲಿಪಿಯ ‘ಭಾರತ’ ಡೊಮೇನ್ ಕೂಡ ಸಿಗುತ್ತದೆ. ಆದರೆ ಕನ್ನಡ ವಿಳಾಸವನ್ನು ನಕಲಿಸಿ ಯಾರಿಗಾದರೂ ಕಳುಹಿಸಿದಾಗ ಅದು ಬಹಳ ಸಲ ಶೇಕಡಾ ಚಿಹ್ನೆಗಳ ಸರಪಳಿಯಾಗುತ್ತದೆ. ‘ಧಾರವಾಡ’ ಎಂಬುದರಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಆರು ಸಂಕೇತಗಳು. ಒಂದೊಂದಕ್ಕೂ ಮೂರು ಬೈಟ್, ಒಂದೊಂದು ಬೈಟ್ ವಿಳಾಸದಲ್ಲಿ ಮೂರು ಅಕ್ಷರವಾಗುತ್ತದೆ. ಧಾರವಾಡವೊಂದೇ 54 ಅಕ್ಷರ ಹಿಡಿಯುತ್ತದೆ.

ಬೇರೆಯವರು ತೋರಿಸುವ ದಾರಿ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತು ಒಳ್ಳೆಯ ಇಳಕಲ್ ಸೀರೆ ಎಲ್ಲಿ ಸಿಗುತ್ತದೆ ಎಂದು ಕೇಳಿ ನೋಡಿ. ನಾಲ್ಕು ಜನ ಒಂದೇ ಅಂಗಡಿ ತೋರಿಸಿದರೆ ನಿಮಗೆ ನಂಬಿಕೆ ಬರುತ್ತದೆ. ತೋರಿಸಿದವರಲ್ಲಿ ಒಬ್ಬರು ನಲವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದವರಾದರೆ ಅವರ ಮಾತಿಗೆ ಇನ್ನೂ ಹೆಚ್ಚು ತೂಕ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರ ಹೊತ್ತಿಗೆ ರೂಪಿಸಿದ ‘ಪೇಜ್‌ರ‍್ಯಾಂಕ್’ ವಿಧಾನದ ತಿರುಳು ಇದೇ. ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಕೊಂಡಿ ಒಂದು ಶಿಫಾರಸು ಇದ್ದಂತೆ. ಕೊಂಡಿ ಕೊಟ್ಟ ಪುಟಕ್ಕೇ ಗೌರವವಿದ್ದರೆ ಶಿಫಾರಸಿನ ತೂಕ ಹೆಚ್ಚುತ್ತದೆ. ಇಂದು ಗೂಗಲ್ ಇನ್ನೂ ನೂರಾರು ಸಂಗತಿಗಳನ್ನು ನೋಡುತ್ತದೆ, ಆದರೂ ಕೊಂಡಿಯ ಮಹತ್ವ ಹೋಗಿಲ್ಲ.

ನಮ್ಮ ತಾಣಕ್ಕೆ ಹೊರಗಿನಿಂದ ಒಂದೂ ಕೊಂಡಿ ಇರಲಿಲ್ಲ. ಒಳಗೂ ಹಾಗೆಯೇ: ಮುಸುಕಿನ ಬಾವಿಯ ಲೇಖನದಿಂದ ಕಾಶಿ ವಿಶ್ವನಾಥ ಗುಡಿಯ ಲೇಖನಕ್ಕೆ ಹೋಗುವ ದಾರಿಯಿರಲಿಲ್ಲ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಪುಟವಂತೂ ಯಾವುದಕ್ಕೂ ಅಂಟದೆ ಒಂಟಿಯಾಗಿತ್ತು. ಕೊಂಡಿ ಇಲ್ಲದ ಪುಟಕ್ಕೆ ಗೂಗಲ್‌ಬಾಟ್ ಹೋಗುವುದೇ ಕಷ್ಟ. ಮೊದಲು ನಮ್ಮ ಲೇಖನಗಳನ್ನೇ ಒಂದಕ್ಕೊಂದು ಹೊಲಿದೆವು. ಆಮೇಲೆ ಪರಿಚಯದ ಇತಿಹಾಸ ಅಧ್ಯಾಪಕರಿಗೆ, ಪ್ರವಾಸದ ಬಗ್ಗೆ ಬರೆಯುವವರಿಗೆ ಪತ್ರ ಬರೆದು, ಲೇಖನ ಉಪಯುಕ್ತ ಎನಿಸಿದರೆ ಮಾತ್ರ ಕೊಂಡಿ ಕೊಡಿ ಎಂದು ಕೇಳಿದೆವು. ನಿಧಾನದ ಕೆಲಸ. ಬೇರೆ ದಾರಿಯಿಲ್ಲ, ಇರಬಾರದು ಕೂಡ. ಸಾಲಿನಲ್ಲಿ ಮೇಲೇರಲು ದುಡ್ಡು ಕೊಟ್ಟು ಕೊಂಡಿ ಕೊಳ್ಳುವುದನ್ನು ಗೂಗಲ್ ಮೋಸವೆಂದೇ ಪರಿಗಣಿಸುತ್ತದೆ.

ಈ ಮಾತು ಬಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ‘ಮೂರು ತಿಂಗಳಲ್ಲಿ ಮೊದಲ ಸ್ಥಾನ ಖಾತ್ರಿ’ ಎಂದು ಫೋನ್ ಮಾಡುವವರಿದ್ದಾರೆ. ಹಾವೇರಿಯ ನನ್ನ ಸೋದರಸಂಬಂಧಿಯೊಬ್ಬರು ಹೀಗೆ ಒಂದು ವರ್ಷದ ಹಣ ಕಟ್ಟಿ, ಅರ್ಥವಿಲ್ಲದ ವಿದೇಶಿ ತಾಣಗಳಿಂದ ಸಾವಿರಾರು ಕೊಂಡಿ ಪಡೆದು, ಕೊನೆಗೆ ಅದನ್ನೆಲ್ಲ ಬಿಡಿಸಿಕೊಳ್ಳಲು ಒದ್ದಾಡಿದರು. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ಸ್ವತಃ ಹೇಳುತ್ತದೆ. ಖಾತ್ರಿ ಎಂಬ ಪದ ಕೇಳಿದೊಡನೆ ಫೋನ್ ಇಟ್ಟುಬಿಡಿ. ಯಂತ್ರಾನುವಾದದಿಂದ ಒಮ್ಮೆಲೇ ನೂರಾರು ಪುಟ ತುಂಬಿಸಿಕೊಡುತ್ತೇವೆ ಎನ್ನುವವರನ್ನೂ ದೂರವಿಡಿ. ಓದುಗರಿಗೆ ಪ್ರಯೋಜನವಿಲ್ಲದ ಪುಟಗಳನ್ನು ರಾಶಿ ರಾಶಿ ಹುಟ್ಟಿಸುವುದರ ವಿರುದ್ಧ ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ನಿಯಮವನ್ನು ಬಿಗಿಗೊಳಿಸಿದೆ.

ತಾಂತ್ರಿಕ ಸಂಗತಿಗಳು ಬಹಳವಿದ್ದರೂ ಸಣ್ಣ ತಾಣಕ್ಕೆ ಬೇಕಾದವು ಕೆಲವೇ. ಜಾಲತಾಣ ಕಟ್ಟಲು ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಬಳಸುವವರು ಓದುವಿಕೆಯ ಸೆಟ್ಟಿಂಗ್‌ನಲ್ಲಿ, ಹುಡುಕು ಯಂತ್ರಗಳು ಈ ತಾಣವನ್ನು ಸೂಚಿಗೆ ಸೇರಿಸಬಾರದು ಎಂಬ ಚೌಕಕ್ಕೆ ಟಿಕ್ ಬಿದ್ದಿದೆಯೇ ಎಂದು ಮೊದಲು ನೋಡಬೇಕು. ತಾಣ ಕಟ್ಟುವಾಗ ಹಾಕಿದ ಟಿಕ್ ತೆಗೆಯಲು ಮರೆಯುವುದುಂಟು. ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಓದುತ್ತದೆ, ಆದ್ದರಿಂದ ಮೊಬೈಲಿನಲ್ಲಿ ಕಾಣದ್ದು ಇಲ್ಲದಂತೆಯೇ. ಕ್ಯಾಮೆರಾದಿಂದ ಬಂದ ಐದಾರು ಎಂಬಿಯ ಚಿತ್ರಗಳನ್ನು ಕುಗ್ಗಿಸಿ ಹಾಕಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ತೆರೆದುಕೊಳ್ಳಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಪ್ರತಿ ಚಿತ್ರಕ್ಕೂ ಬದಲಿ ಪಠ್ಯ ಬರೆಯಿರಿ: ‘ಮುಸುಕಿನ ಬಾವಿಯ ಮೆಟ್ಟಿಲುಗಳು, ಮೇಲಿನಿಂದ ಕಂಡಂತೆ’. ಕಣ್ಣು ಕಾಣದ ಓದುಗರ ಫೋನ್ ಆ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಹುಡುಕು ಯಂತ್ರಕ್ಕೂ ಅದರಿಂದ ಚಿತ್ರ ತಿಳಿಯುತ್ತದೆ. ನನ್ನ ಮಟ್ಟಿಗೆ ಮೊದಲ ಕಾರಣವೇ ಸಾಕು.

ಅಂಗಡಿ, ಉದ್ಯೋಗ ಇರುವವರಿಗೆ

ವ್ಯಾಪಾರಿಗಳ ಲೆಕ್ಕ ಸ್ವಲ್ಪ ಬೇರೆ. ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವವರಿಗೆ ದೊಡ್ಡ ಜಾಲತಾಣಕ್ಕಿಂತ ಮೊದಲು ಬೇಕಿರುವುದು ಗೂಗಲ್ ನಕ್ಷೆಯಲ್ಲಿ ಕಾಣುವ ಉಚಿತ ವ್ಯಾಪಾರ ಪ್ರೊಫೈಲ್. ಅಲ್ಲಿ ಯಾರು ಮೊದಲು ಕಾಣಬೇಕೆಂಬುದು ಮುಖ್ಯವಾಗಿ ಮೂರರ ಮೇಲೆ ನಿಂತಿದೆ: ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರಾಗಿದೆ. ಅಂಗಡಿಯ ಬೋರ್ಡಿನ ಮೇಲಿರುವ ಹೆಸರನ್ನೇ ಕೊಡಿ, ವಿಳಾಸ ಮತ್ತು ಫೋನ್ ಸಂಖ್ಯೆ ಎಲ್ಲ ಕಡೆ ಒಂದೇ ಆಗಿರಲಿ, ತೆರೆಯುವ ವೇಳೆ ಸರಿಯಾಗಿರಲಿ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ತಾಣ ನೋಡಿದೆ. ‘ಉತ್ಕೃಷ್ಟ ಗುಣಮಟ್ಟ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ’ ಎಂಬ ಸಾಲು ಮೂರು ಕಡೆ ಇತ್ತು. ಕೊಳ್ಳುವವರು ಕೇಳುವುದು ಬೇರೆ: ‘ಡಬ್ಬಿ’ ಬಗೆಯ ಮೆಣಸಿನಕಾಯಿ ಬೇಕೋ ‘ಕಡ್ಡಿ’ ಬಗೆಯದು ಬೇಕೋ, ಎರಡಕ್ಕೂ ವ್ಯತ್ಯಾಸವೇನು, ಬಣ್ಣ ಬಂದು ಖಾರ ಕಡಿಮೆ ಇರುವುದು ಯಾವುದು, ಒಣಗಿಸಿದ್ದನ್ನು ಎಷ್ಟು ದಿನ ಇಡಬಹುದು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಆ ಮೆಣಸಿನಕಾಯಿಯ ಬಗ್ಗೆ ಆ ವ್ಯಾಪಾರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಒಂದು ಸಂಜೆ ಕುಳಿತು ಅವರು ಈ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಹೋದರು, ಅವರ ಮಗಳು ಬರೆದುಕೊಂಡಳು. ಆ ಪುಟದಲ್ಲಿ ಮಾರುಕಟ್ಟೆಯ ವಾಸನೆಯೇ ಇದೆ.

ಕೇಳಿದವರ ಮಾತು ಕೇಳಿಸುವ ಕಿಟಕಿ

ಇದೆಲ್ಲ ಮಾಡಿದ ಮೇಲೆ ಕೆಲಸವಾಯಿತೇ ಎಂದು ತಿಳಿಯಲು ‘ಗೂಗಲ್ ಸರ್ಚ್ ಕನ್ಸೋಲ್’ ಎಂಬ ಉಚಿತ ಸಾಧನವಿದೆ. ತಾಣ ನಿಮ್ಮದೇ ಎಂದು ದೃಢಪಡಿಸಿ, ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಕೊಟ್ಟರೆ, ಯಾವ ಪುಟ ಸೂಚಿಗೆ ಸೇರಿದೆ, ಯಾವುದು ಸೇರಿಲ್ಲ, ಏಕೆ ಎಂದು ಅದು ಹೇಳುತ್ತದೆ. ಬದಲಾವಣೆಯ ಫಲ ಕೆಲವು ಗಂಟೆಗಳಲ್ಲೂ ಕಾಣಬಹುದು, ಹಲವು ತಿಂಗಳೂ ಹಿಡಿಯಬಹುದು. ನಮಗೆ ಐದನೆಯ ತಿಂಗಳಲ್ಲಿ ಚಲನೆ ಕಂಡಿತು.

ನನಗೆ ಅದರಲ್ಲಿ ತುಂಬ ಇಷ್ಟವಾದದ್ದು, ಜನ ಬರೆದು ಹುಡುಕಿದ ಪದಗಳ ಪಟ್ಟಿ. ಹದಿನಾರು ತಿಂಗಳ ಹಿಂದಿನವರೆಗೂ ನೋಡಬಹುದು. ನಮ್ಮ ಪುಟ ಯಾವ ಪ್ರಶ್ನೆಗೆ ಕಾಣಿಸಿಕೊಂಡಿತು, ಎಷ್ಟು ಸಲ, ಎಷ್ಟು ಜನ ಒಳಗೆ ಬಂದರು ಎಂಬುದೆಲ್ಲ ಅಲ್ಲಿರುತ್ತದೆ. ‘ಗದಗ ಲಕ್ಕುಂಡಿ ಬಸ್’ ಎಂದು ಹುಡುಕಿದವರನ್ನು ಕಂಡು ಬಸ್ಸಿನ ವಿವರ ಸೇರಿಸಿದೆವು. ‘ಲಕ್ಕುಂಡಿ ಬಾವಿ ನೀರು ಇದೆಯಾ’ ಎಂದು ಕೇಳಿದವರಿಗಾಗಿ ಯಾವ ಕಾಲದಲ್ಲಿ ನೀರು ಎಷ್ಟಿರುತ್ತದೆ ಎಂದು ಊರವರನ್ನು ಕೇಳಿ ಬರೆದೆವು. ಆ ವಿದ್ಯಾರ್ಥಿನಿ ಹುಡುಕಿದ್ದ ಪದಗಳಿಗೆ ಈಗ ನಮ್ಮ ಮುಸುಕಿನ ಬಾವಿಯ ಪುಟ ಮೊದಲ ಪುಟದಲ್ಲೇ ಕಾಣುತ್ತದೆ. ಅವರಿಗೆ ಕೊಂಡಿ ಕಳುಹಿಸಿದೆ.

ಕಳೆದ ವಾರ ಆ ಪಟ್ಟಿಯಲ್ಲಿ ‘ಲಕ್ಕುಂಡಿ ಕನ್ನೆ ಬಾವಿ’ ಎಂಬ ಪದಗಳು ಮತ್ತೆ ಮತ್ತೆ ಬಂದಿದ್ದವು. ಕನ್ನೆ ಬಾವಿಯ ಬಗ್ಗೆ ನಾವು ಇನ್ನೂ ಒಂದು ಸಾಲನ್ನೂ ಬರೆದಿಲ್ಲ. ಬರುವ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಅಳತೆ ಟೇಪು ಹಿಡಿದು ಹೊರಡುತ್ತಿದ್ದೇವೆ.